ಮಾತು ಎಲ್ಲಿ ಹೋಯ್ತು? ಹೋಮ್ ಥಿಯೇಟರ್ ರಿಸೀವರ್‌ಗೆ ವೈರ್ ಜೋಡಿಸಿದ ಕಥೆ

“ಗುಂಡಿನ ಸದ್ದು ಕೇಳ್ತದೆ, ಕುದ್ರೆ ಓಡೋದು ಕೇಳ್ತದೆ, ಮಾತು ಮಾತ್ರ ಕೇಳಕಿಲ್ಲ ಕಣ್ರಪ್ಪಾ.”

ರಾಮನಗರದ ತಾತ ನಮಗೆ ಕೊಟ್ಟ ಕಂಪ್ಲೇಂಟ್ ಇಷ್ಟೇ. ತಾತ ಅಂದರೆ ನಮ್ಮ ನಾಲ್ವರಲ್ಲಿ ಒಬ್ಬನ ತಾತ. ನಾವು ನಾಲ್ಕು ಜನ ಒಂದೇ ಹಾಸ್ಟೆಲ್ ರೂಮಿನವರು, ಊರು ಮಾತ್ರ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಶನಿವಾರ ಬಂತೆಂದರೆ ಇಬ್ಬರು ಮೈಸೂರು ಕಡೆ ರೈಲು ಹತ್ತುತ್ತಾರೆ, ಇನ್ನಿಬ್ಬರ ಊರಿಗೆ ರೈಲೇ ಇಲ್ಲ, ಬಸ್ಸೇ ಗತಿ. ನಾವು ಎಲೆಕ್ಟ್ರಾನಿಕ್ಸ್ ತಗೊಂಡಿದ್ದೀವಿ ಅಂತ ಗೊತ್ತಾದ ದಿನದಿಂದ ನಾಲ್ಕೂ ಮನೆಯಲ್ಲಿ ಮಿಕ್ಸಿ ಕೆಟ್ಟರೂ ನಮ್ಮನ್ನೇ ಕರೀತಾರೆ. ಮೂರು ಸೆಮಿಸ್ಟರ್ ಫೋರಿಯರ್ ಸೀರೀಸ್ ಬರೆದಿದ್ದೇವೆ ನಿಜ, ಆದರೆ ಟಿವಿ ಹಿಂದೆ ಕೈ ಹಾಕಿದ್ದು ಕಡಿಮೆ.

ತಾತನ ಮನೆಯಲ್ಲಿ ವಿಷಯ ಬರೀ ಟಿವಿಯದ್ದಾಗಿರಲಿಲ್ಲ. ಕೆಲವು ತಿಂಗಳಿಂದ ಅವರು ಹಾಲ್‌ನಲ್ಲಿ ಎಲ್ಲರ ಜೊತೆ ಕೂರೋದನ್ನೇ ಬಿಟ್ಟಿದ್ದರು. ಊಟ ಆದ ಕೂಡಲೇ ಹೊರಗೆ ಜಗಲಿಗೆ ಹೋಗಿ ಒಬ್ಬರೇ ಕೂತುಬಿಡ್ತಿದ್ದರು. ಮನೆಯವರು “ಕಿವಿ ಹೋಯ್ತು ಪಾಪ” ಅಂತ ತೀರ್ಮಾನ ಮಾಡಿ, ಸೋಮವಾರ ಕಿವಿ ಪರೀಕ್ಷೆಗೂ ಹೆಸರು ಬರೆಸಿದ್ದರು. ಅವರ ಎದುರಿಗೇ ಜೋರಾಗಿ ಕೂಗಿ ಮಾತಾಡೋಕೂ ಶುರು ಮಾಡಿದ್ದರು. ಆದರೆ ನಾವು ಜಗಲಿ ಮೇಲೆ ಅವರ ಜೊತೆ ಒಂದು ಗಂಟೆ ಹರಟಿದೆವು. ಒಂದು ಸಲವೂ “ಏನಂದೆ?” ಅಂತ ಕೇಳಲಿಲ್ಲ. ನಮಗೆ ಅನುಮಾನ ಬಂದದ್ದು ಅಲ್ಲೇ.

ಆ ಹರಟೆಯಲ್ಲಿ ಬಂದದ್ದೆಲ್ಲ ಶೋಲೆ. ರಾಮದೇವರ ಬೆಟ್ಟದ ಬುಡದಲ್ಲಿ 1973ರ ಅಕ್ಟೋಬರ್‌ನಲ್ಲಿ ಶೂಟಿಂಗ್ ಶುರುವಾದಾಗ ತಾತ ರೇಷ್ಮೆ ನೂಲು ಬಿಚ್ಚೋ ಕೆಲಸಕ್ಕೆ ಹೊಸದಾಗಿ ಸೇರಿದ್ದ ಹುಡುಗ. ಕೆಲಸ ತಪ್ಪಿಸಿಕೊಂಡು ಹೋಗಿ ಬಂಡೆ ಮೇಲೆ ಕೂತು ನೋಡ್ತಿದ್ದರಂತೆ. ಸಿನಿಮಾ ಬಿಡುಗಡೆಯಾದದ್ದು 1975ರ ಆಗಸ್ಟ್ 15ಕ್ಕೆ. 35 ಎಂಎಂನಲ್ಲಿ ತೆಗೆದದ್ದನ್ನು 70 ಎಂಎಂಗೆ ದೊಡ್ಡದು ಮಾಡಿ, ಅದಕ್ಕೆ ಸ್ಟೀರಿಯೋಫೋನಿಕ್ ಸೌಂಡ್ ಕೂಡಿಸಿದ್ದರು. ಸಂಭಾಷಣೆ ಎಷ್ಟು ಹಿಟ್ ಆಯ್ತೆಂದರೆ ಹಾಡಿನ ಹಾಗೆ ಬರೀ ಡೈಲಾಗುಗಳ ಗ್ರಾಮಫೋನ್ ರೆಕಾರ್ಡೇ ಮಾರುಕಟ್ಟೆಗೆ ಬಂತು. ಅಂಥ ಸಿನಿಮಾದ ಡಿಸ್ಕ್ ಹಾಕಿದರೆ ತಾತನಿಗೆ ಕೇಳ್ತಾ ಇದ್ದದ್ದು ಮಾತು ಬಿಟ್ಟು ಮಿಕ್ಕಿದ್ದೆಲ್ಲ!

ಮೊದಲು ರಿಸೀವರ್ ಅಂದರೆ ಏನು ಅಂತ ಸ್ವಲ್ಪ ನೋಡೋಣ. ಟಿವಿ ಸ್ಟ್ಯಾಂಡ್‌ನ ಕೆಳಗಿನ ತಟ್ಟೆಯಲ್ಲಿ ಕೂತಿರೋ ಆ ಭಾರದ ಕಪ್ಪು ಪೆಟ್ಟಿಗೆ ಬರೀ ಆಂಪ್ಲಿಫೈಯರ್ ಅಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ನೋಡಿದವರಿಗೆ ಬೇಗ ಅರ್ಥ ಆಗುತ್ತೆ. ಬೇರೆ ಬೇರೆ ಊರಿಂದ ಗೂಡು ಬರುತ್ತೆ, ಯಾವ ಲಾಟು ಯಾರಿಗೆ ಅಂತ ಅಲ್ಲಿ ತೀರ್ಮಾನ ಆಗುತ್ತೆ, ಆಮೇಲೆ ಹಂಚಿಕೆ. ರಿಸೀವರ್‌ಗೂ ಸೆಟ್‌ಟಾಪ್ ಬಾಕ್ಸ್, ಡಿಸ್ಕ್ ಪ್ಲೇಯರ್, ಗೇಮ್ ಕನ್ಸೋಲ್, ಲ್ಯಾಪ್‌ಟಾಪ್ ಎಲ್ಲ ಬಂದು ಸೇರುತ್ತವೆ. ನೀವು ರಿಮೋಟಿನಲ್ಲಿ ಒಂದನ್ನು ಆರಿಸ್ತೀರ. ಅದರ ಚಿತ್ರ ಟಿವಿಗೆ ಹೋಗುತ್ತೆ, ಸದ್ದು ಬಿಡಿಬಿಡಿಯಾಗಿ ಐದೋ ಏಳೋ ಸ್ಪೀಕರ್‌ಗೆ ಹೋಗುತ್ತೆ. ಹಾಗಾಗಿ ಸರಿಯಾದ ದಾರಿ ಯಾವುದು ಅಂದರೆ, ಸೋರ್ಸ್‌ನಿಂದ ರಿಸೀವರ್‌ಗೆ, ರಿಸೀವರ್‌ನಿಂದ ಟಿವಿಗೆ.

ತಾತನ ಮನೆಯಲ್ಲಿ ಇದು ಉಲ್ಟಾ ಇತ್ತು. ಬಾಕ್ಸೂ ಪ್ಲೇಯರೂ ಎಲ್ಲ ಟಿವಿಗೇ ಚುಚ್ಚಿತ್ತು. ಟಿವಿಯ ಹೆಡ್‌ಫೋನ್ ತೂತಿನಿಂದ ಒಂದು ತೆಳು ವೈರು ಎರಡಾಗಿ ಸೀಳಿ, ಕೆಂಪು ಬಿಳಿ ಪಿನ್ನಾಗಿ ರಿಸೀವರ್ ಸೇರಿತ್ತು. ಯಾರು ಫಿಟ್ ಮಾಡಿದ್ದು ಅಂತ ಕೇಳಿದರೆ ಮನೆಯವರು ಒಬ್ಬರ ಮುಖ ಒಬ್ಬರು ನೋಡಿದರು. ನಾವೂ ಮುಂದೆ ಕೇಳಲಿಲ್ಲ.

ಇದರಿಂದ ಏನಾಗುತ್ತೆ? ಡಿಸ್ಕ್‌ನಲ್ಲಿ 5.1 ಇದೆ ಅಂತ ಇಟ್ಟುಕೊಳ್ಳಿ. ಮುಂದೆ ಎಡ, ನಡು, ಬಲ. ಪಕ್ಕದಲ್ಲಿ ಎರಡು. ಗುಡುಗು ಬಾಂಬಿಗೆ ಒಂದು ಸಬ್‌ವೂಫರ್, ಅದೇ ಆ ‘.1’. ಆದರೆ ಹೆಡ್‌ಫೋನ್ ತೂತಿನಿಂದ ಎರಡೇ ಚಾನೆಲ್ ಬರೋಕೆ ಸಾಧ್ಯ. ಆರು ಜನ ಇಕ್ಕಟ್ಟಿನಲ್ಲಿ ಎರಡು ಸೀಟಿಗೆ ಕೂತ ಹಾಗೆ ಎಲ್ಲ ಎರಡಕ್ಕೆ ಬೆರೆತುಬಿಡುತ್ತೆ. ಒಮ್ಮೆ ಬೆರೆತದ್ದನ್ನು ಮತ್ತೆ ಪೂರ್ತಿ ಬಿಡಿಸೋಕೆ ಆಗಲ್ಲ. ಎಷ್ಟು ದುಬಾರಿ ಸ್ಪೀಕರ್ ಇದ್ದರೂ ಅಷ್ಟೇ. ದಾರಿಯಲ್ಲಿ ಯಾವ ವೈರು ಅತಿ ಕಡಿಮೆ ಹೊರುತ್ತೋ, ನಿಮಗೆ ಕೇಳೋದು ಅಷ್ಟೇ ಸದ್ದು.

ಯಾವ ವೈರು ಎಷ್ಟು ಹೊರುತ್ತೆ?

ಕೆಂಪು ಬಿಳಿ ಆರ್‌ಸಿಎ ಎಲ್ಲರಿಗೂ ಗೊತ್ತು. ಬಿಳಿ ಎಡ, ಕೆಂಪು ಬಲ, ಅನಲಾಗ್ ಸಿಗ್ನಲ್. ಜೊತೆಗೆ ಹಳದಿ ಇದ್ದರೆ ಅದು ಕಾಂಪೋಸಿಟ್ ವಿಡಿಯೋ. ಬಣ್ಣ ಬೆಳಕು ಎಲ್ಲ ಒಂದೇ ತಂತಿಯಲ್ಲಿ ಬರೋದರಿಂದ ದೊಡ್ಡ ಟಿವಿಯಲ್ಲಿ ಅಂಚೆಲ್ಲ ಕಲಸಿದ ಹಾಗೆ ಕಾಣುತ್ತೆ. ಕೆಂಪು, ಹಸಿರು, ನೀಲಿ ಮೂರೂ ಇದ್ದರೆ ಕಾಂಪೊನೆಂಟ್ ವಿಡಿಯೋ, ಹಳದಿಗಿಂತ ಎಷ್ಟೋ ಮೇಲು. ಆದರೆ ಅಲ್ಲಿನ ಕೆಂಪನ್ನು ಆಡಿಯೋ ಕೆಂಪು ಅಂದುಕೊಂಡು ಚುಚ್ಚೋದು ನಾವೂ ಮಾಡಿದ ತಪ್ಪು.

ಆಮೇಲೆ ಆಪ್ಟಿಕಲ್. 1983ರಲ್ಲಿ ತೋಷಿಬಾದವರು ತಂದದ್ದು, ಟಾಸ್‌ಲಿಂಕ್ ಅಂತ ಹೆಸರು. ಮುಚ್ಚಳ ತೆಗೆದರೆ ತುದಿಯಲ್ಲಿ ಕೆಂಪು ಬೆಳಕು ಕಾಣುತ್ತೆ. ಇದರಲ್ಲಿ ಚಿತ್ರ ಹೋಗಲ್ಲ, ಬರೀ ಡಿಜಿಟಲ್ ಆಡಿಯೋ. ಕಿತ್ತಳೆ ಬಣ್ಣದ ಕೊಯಾಕ್ಸಿಯಲ್ ಪಿನ್ನೂ ಇದೇ ಕೆಲಸವನ್ನು ತಾಮ್ರದ ತಂತಿಯಲ್ಲಿ ಮಾಡುತ್ತೆ.

ಇಲ್ಲಿ ಒಂದು ಲೆಕ್ಕ ಹಾಕೋಣ, ಪ್ಲೀಸ್ ಪುಟ ತಿರುಗಿಸಬೇಡಿ. ಸ್ಟೀರಿಯೋ ಪಿಸಿಎಂ, ಸೆಕೆಂಡಿಗೆ 48,000 ಸ್ಯಾಂಪಲ್, ಪ್ರತಿ ಸ್ಯಾಂಪಲ್‌ಗೆ 16 ಬಿಟ್, 2 ಚಾನೆಲ್. ಗುಣಿಸಿದರೆ ಸೆಕೆಂಡಿಗೆ 15.36 ಲಕ್ಷ ಬಿಟ್. ಅದೇ 6 ಚಾನೆಲ್, 24 ಬಿಟ್ ಆದರೆ 69.12 ಲಕ್ಷ ಬಿಟ್. ಆಪ್ಟಿಕಲ್ ಪದ್ಧತಿಯನ್ನು ರೂಪಿಸಿದ್ದೇ ಎರಡು ಚಾನೆಲ್ ಪಿಸಿಎಂಗೆ, ಆರನ್ನು ಬಿಡಿಸಿ ಕಳಿಸೋಕೆ ಅದರಲ್ಲಿ ಜಾಗ ಇಲ್ಲ. ಆದರೂ ಆಪ್ಟಿಕಲ್‌ನಲ್ಲಿ 5.1 ಬರುತ್ತಲ್ಲ, ಹೇಗೆ? ಡಾಲ್ಬಿ ಡಿಜಿಟಲ್ ಆರೂ ಚಾನೆಲ್‌ಗಳನ್ನು ಕುಗ್ಗಿಸಿ ಒಂದು ಕಟ್ಟು ಮಾಡುತ್ತೆ. ಸಾಮಾನ್ಯ ಡಿವಿಡಿಯಲ್ಲಿ ಆ ಕಟ್ಟು ಸೆಕೆಂಡಿಗೆ 4.48 ಲಕ್ಷ ಬಿಟ್ ಅಷ್ಟೇ, ಹೆಚ್ಚೆಂದರೆ 6.4 ಲಕ್ಷ. ಸ್ಟೀರಿಯೋಗಿಂತಲೂ ಕಡಿಮೆ!

ಇದನ್ನು ತಾತನಿಗೆ ವಿವರಿಸೋಕೆ ಹೋಗಿ ಒದ್ದಾಡ್ತಾ ಇದ್ದೆವು. ಅವರೇ ಕೇಳಿದರು, “ಅಂದ್ರೆ ಗೂಡನ್ನ ಗೂಡಾಗೇ ಇಲ್ಲಿಗ್ ತಂದು, ಇಲ್ಲಿ ನೂಲು ಬಿಚ್ಚೋದಾ?” ನಾವು ಕ್ಲಾಸಿನಲ್ಲಿ ಇದಕ್ಕಿಂತ ಚೆನ್ನಾಗಿ ಕೇಳಿಲ್ಲ. ಒಂದು ಗೂಡಿನೊಳಗೆ ನೂರಾರು ಮೀಟರ್ ಎಳೆ ಸುತ್ತಿಕೊಂಡಿರುತ್ತೆ, ಅಂಗೈಯಲ್ಲಿ ಹಿಡಿಯುತ್ತೆ. ಬಿಟ್‌ಸ್ಟ್ರೀಮ್ ಅಂದರೆ ಗೂಡು. ಪಿಸಿಎಂ ಅಂದರೆ ಬಿಚ್ಚಿದ ನೂಲು. ಬಿಚ್ಚೋ ಕೆಲಸ ರಿಸೀವರ್‌ದು. ನಿಮ್ಮ ಟಿವಿ ಅಥವಾ ಬಾಕ್ಸಿನ ಸೆಟಿಂಗ್ಸ್‌ನಲ್ಲಿ ‘ಡಿಜಿಟಲ್ ಆಡಿಯೋ ಔಟ್’ ಅಂತ ಇರುತ್ತೆ. ಅಲ್ಲಿ ಪಿಸಿಎಂ ಅಂತ ಬಿಟ್ಟರೆ ಟಿವಿಯೇ ನೂಲು ಬಿಚ್ಚಿ ಎರಡು ಎಳೆ ಮಾತ್ರ ಕಳಿಸುತ್ತೆ. ಬಿಟ್‌ಸ್ಟ್ರೀಮ್ ಅಥವಾ ಪಾಸ್‌ಥ್ರೂ ಅಂತ ಕೊಟ್ಟರೆ ಗೂಡು ಹಾಗೇ ಬರುತ್ತೆ. ಎಷ್ಟೋ ಮನೆಯಲ್ಲಿ ವೈರೆಲ್ಲ ಸರಿಯಿದ್ದು ಬರೀ ಈ ಒಂದು ಸಾಲು ತಪ್ಪಿರುತ್ತೆ.

ಕೊನೆಗೆ ಎಚ್‌ಡಿಎಂಐ. ಮೊದಲ ಆವೃತ್ತಿ ಬಂದದ್ದು 2002ರ ಡಿಸೆಂಬರ್‌ನಲ್ಲಿ, 19 ಪಿನ್. ಚಿತ್ರ, ಕುಗ್ಗಿಸದ ಬಹು ಚಾನೆಲ್ ಆಡಿಯೋ, ಒಂದೇ ರಿಮೋಟಿನಲ್ಲಿ ಎಲ್ಲ ಆನ್ ಆಗೋ ಸಿಇಸಿ, ಎಲ್ಲ ಒಂದರಲ್ಲೇ. 2009ರ 1.4 ಆವೃತ್ತಿಯಲ್ಲಿ ಎಆರ್‌ಸಿ ಸೇರಿಸಿದರು. ರಿಸೀವರ್‌ನಿಂದ ಟಿವಿಗೆ ಚಿತ್ರ ಹೋಗೋ ಅದೇ ಕೇಬಲ್‌ನಲ್ಲಿ ಟಿವಿಯ ಸದ್ದು ವಾಪಸ್ ಬರುತ್ತೆ. ಟಿವಿಯೊಳಗಿನ ಆಪ್‌ನಲ್ಲಿ ಸಿನಿಮಾ ನೋಡೋರಿಗೆ ಇದು ಬೇಕೇ ಬೇಕು. ಆದರೆ ಟಿವಿಯಲ್ಲಿ ಮೂರು ನಾಲ್ಕು ಎಚ್‌ಡಿಎಂಐ ತೂತಿದ್ದರೂ ಸಾಮಾನ್ಯವಾಗಿ ಒಂದರ ಪಕ್ಕ ಮಾತ್ರ ಎಆರ್‌ಸಿ ಅಂತ ಬರೆದಿರುತ್ತೆ, ಅದಕ್ಕೇ ಹಾಕಬೇಕು. ರಿಸೀವರ್ ಕಡೆ ‘ಔಟ್’ಗೆ ಹಾಕಬೇಕು, ‘ಇನ್’ಗಲ್ಲ. ಎಆರ್‌ಸಿ ಹೊರೋದು ಹೆಚ್ಚುಕಡಿಮೆ ಆಪ್ಟಿಕಲ್‌ನಷ್ಟೇ: ಎರಡು ಚಾನೆಲ್ ಪಿಸಿಎಂ ಅಥವಾ ಕುಗ್ಗಿಸಿದ ಕಟ್ಟು. ಕುಗ್ಗಿಸದ ಬಹು ಚಾನೆಲ್ ವಾಪಸ್ ಬರಬೇಕಾದರೆ 2017ರ 2.1 ಆವೃತ್ತಿ ಜೊತೆ ಬಂದ ಇ-ಎಆರ್‌ಸಿ ಬೇಕು, ಎರಡೂ ಕಡೆ.

ಕನಕಪುರದ ಮನೆಯಲ್ಲಿ ಈ ನಿಯಮ ನಾವೇ ಮುರಿಯಬೇಕಾಯ್ತು. ಹೊಸ 4ಕೆ ಸ್ಟ್ರೀಮಿಂಗ್ ಬಾಕ್ಸನ್ನು ಹಳೇ ರಿಸೀವರ್ ಮೂಲಕ ಕೊಟ್ಟರೆ ಪರದೆ ಪೂರ್ತಿ ಕಪ್ಪು. ಕಾರಣ ಎಚ್‌ಡಿಸಿಪಿ, ಅಂದರೆ ಕಾಪಿ ತಡೆಯೋ ಬೀಗ. ಬಾಕ್ಸ್, ರಿಸೀವರ್, ಟಿವಿ ಮೂವರೂ ಪರಸ್ಪರ ಕೈಕುಲುಕಿ ಗುರುತು ಹೇಳಬೇಕು. 4ಕೆ ಸಿನಿಮಾಗೆ ಎಚ್‌ಡಿಸಿಪಿ 2.2 ಕೇಳ್ತಾರೆ, ಹಳೇ ರಿಸೀವರ್‌ಗೆ ಅದು ಗೊತ್ತೇ ಇಲ್ಲ. ಅಲ್ಲಿ ಬಾಕ್ಸನ್ನು ನೇರ ಟಿವಿಗೆ ಕೊಟ್ಟು, ಸದ್ದನ್ನು ಎಆರ್‌ಸಿಯಿಂದ ವಾಪಸ್ ತಂದೆವು. ಕರೆಂಟು ಹೋಗಿ ಬಂದಾಗಲೂ ಕೆಲವೊಮ್ಮೆ ಈ ಕೈಕುಲುಕಾಟ ಕೆಡುತ್ತೆ. ಆಗ ಎಲ್ಲ ಆಫ್ ಮಾಡಿ ಟಿವಿ, ರಿಸೀವರ್, ಬಾಕ್ಸ್ ಈ ಕ್ರಮದಲ್ಲಿ ಆನ್ ಮಾಡಿ ನೋಡಿ.

ಗುಂಯ್ ಸದ್ದು

ರಾಮನಗರಕ್ಕೆ ಹೋಗೋ ಮುಂಚೆಯೇ ನಾವು ಚನ್ನಪಟ್ಟಣದಲ್ಲಿ ಒಂದು ಪೆಟ್ಟು ತಿಂದಿದ್ದೆವು, ಅದನ್ನು ಹೇಳಲೇಬೇಕು. ನಮ್ಮವನ ಮನೆ ಹಿಂದೆಯೇ ಗೊಂಬೆ ಕಡೆಯೋ ಕರೆಂಟ್ ಲೇತ್ ಇದೆ. ಹಾಲೆ ಮರದ ತುಂಡು ತಿರುಗ್ತಾ ಇರುತ್ತೆ, ಅರಗಿನ ಕಡ್ಡಿ ಒತ್ತಿದ ಹಾಗೆ ಬಣ್ಣ ಹತ್ತುತ್ತೆ, ನೋಡ್ತಾ ಕೂತರೆ ಹೊತ್ತು ಹೋಗೋದೇ ಗೊತ್ತಾಗಲ್ಲ. ಆ ಮನೆಯ ಸ್ಪೀಕರ್‌ನಲ್ಲಿ ಸದಾ ‘ಗುಂಯ್’ ಅಂತ ಒಂದು ಸದ್ದು. ಎಲ್ಲರೂ ಲೇತ್ ಮೋಟರ್ ಮೇಲೆ ಹಾಕಿದರು. ಭಾನುವಾರ ಲೇತ್ ನಿಂತಿತ್ತು. ಗುಂಯ್ ನಿಲ್ಲಲಿಲ್ಲ.

ಕೊನೆಗೆ ಒಂದೊಂದೇ ವೈರು ಕಿತ್ತು ನೋಡಿದೆವು. ಕೇಬಲ್ ಟಿವಿಯ ಕೊಯಾಕ್ಸ್ ವೈರನ್ನು ಬಾಕ್ಸಿನಿಂದ ತೆಗೆದ ತಕ್ಷಣ ನಿಶ್ಶಬ್ದ. ಇದು ಗ್ರೌಂಡ್ ಲೂಪ್. ಬೀದಿಯಿಂದ ಬರೋ ಕೇಬಲ್‌ನ ಹೊರಕವಚಕ್ಕೆ ಎಲ್ಲೋ ಒಂದು ಅರ್ತ್, ಮನೆ ಪ್ಲಗ್ಗಿನಲ್ಲಿ ಇನ್ನೊಂದು ಅರ್ತ್. ಎರಡರ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ. ಆಡಿಯೋ ಕೇಬಲ್‌ನ ಗ್ರೌಂಡ್ ತಂತಿ ಈ ಎರಡನ್ನೂ ಸೇರಿಸಿಬಿಡುತ್ತೆ, ಅದರಲ್ಲಿ 50 ಹರ್ಟ್ಸ್ ಕರೆಂಟ್ ಹರಿಯುತ್ತೆ, ರಿಸೀವರ್ ಅದನ್ನೂ ಸಂಗೀತ ಅಂದುಕೊಂಡು ದೊಡ್ಡದು ಮಾಡುತ್ತೆ.

ಪಕ್ಕದ ಮನೆಯವರೊಬ್ಬರು ಪ್ಲಗ್ಗಿನ ಮೂರನೇ ಪಿನ್ ಮುರಿದುಹಾಕಿ, ಸರಿಹೋಗುತ್ತೆ ಅಂದರು. ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಗುಂಯ್ ಹೋಗಬಹುದು, ಆದರೆ ಒಳಗೆ ಏನಾದರೂ ಶಾರ್ಟ್ ಆದರೆ ಪೆಟ್ಟಿಗೆಯ ಲೋಹದ ಮೈಗೆ 230 ವೋಲ್ಟ್ ಬಂದು ಕೂರುತ್ತೆ, ಮುಟ್ಟಿದವರು ಹೋಗ್ತಾರೆ. ನಾವು ಮಾಡಿದ್ದು ಇಷ್ಟು. ಎಲ್ಲ ಪ್ಲಗ್ಗನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತಂದೆವು, ಸ್ವಲ್ಪ ಕಡಿಮೆ ಆಯ್ತು. ಆಮೇಲೆ ಬಾಕ್ಸ್‌ನಿಂದ ರಿಸೀವರ್‌ಗಿದ್ದ ಕೆಂಪು ಬಿಳಿ ಕಿತ್ತು ಆಪ್ಟಿಕಲ್ ಹಾಕಿದೆವು. ಬೆಳಕಿನ ದಾರಿಯಲ್ಲಿ ಕರೆಂಟ್ ಹರಿಯಲ್ಲ, ಲೂಪ್ ಕತ್ತರಿಸಿತು. ಎಲ್ಲರೂ ಹಳತು ಅಂತ ಮೂಗು ಮುರಿಯೋ ಆಪ್ಟಿಕಲ್ ಮೇಲೆ ನಮಗೆ ಅವತ್ತಿಂದ ಗೌರವ.

ಈಗ ತಾತನ ಮನೆಗೆ ವಾಪಸ್

ಶನಿವಾರ ಸಂಜೆ ಎಲ್ಲ ವೈರೂ ಬಿಚ್ಚಿ, ಧೂಳು ಒರೆಸಿ, ಪುಸ್ತಕದಲ್ಲಿದ್ದ ಹಾಗೆ ಜೋಡಿಸಿದೆವು. ಬಾಕ್ಸ್ ಎಚ್‌ಡಿಎಂಐ ಒಂದಕ್ಕೆ, ಪ್ಲೇಯರ್ ಎಚ್‌ಡಿಎಂಐ ಎರಡಕ್ಕೆ, ರಿಸೀವರ್ ಔಟ್‌ನಿಂದ ಟಿವಿಯ ಎಆರ್‌ಸಿಗೆ. ಪ್ರತಿ ಕೇಬಲ್‌ನ ಎರಡೂ ತುದಿಗೆ ಟೇಪ್ ಸುತ್ತಿ ಹೆಸರು ಬರೆದೆವು (ಇದನ್ನು ನೀವೂ ಮಾಡಿ, ಆರು ತಿಂಗಳ ನಂತರ ನಿಮಗೆ ನೀವೇ ಥ್ಯಾಂಕ್ಸ್ ಹೇಳ್ತೀರ). ಶೋಲೆ ಡಿಸ್ಕ್ ಹಾಕಿದೆವು. ರಿಸೀವರ್ ಮೇಲೆ ಡಾಲ್ಬಿ ಡಿಜಿಟಲ್ ಅಂತ ಬಂತು. ಚಿತ್ರ ಎಷ್ಟು ಸ್ಪಷ್ಟ ಅಂದರೆ ತಾತ ಬಂಡೆ ಗುರುತು ಹಿಡಿಯೋಕೆ ಶುರು ಮಾಡಿದರು. ರೈಲಿನ ಸದ್ದು ಹಿಂದಿನಿಂದ ಬಂತು. ಎಲ್ಲರೂ ಚಪ್ಪಾಳೆ.

ಆಮೇಲೆ ಒಬ್ಬ ಬಾಯಿ ತೆರೆದ. ಸದ್ದೇ ಇಲ್ಲ.

ಮೊದಲು ಮಾತು ಸಣ್ಣಗಾದರೂ ಕೇಳ್ತಿತ್ತು, ಈಗ ಪೂರ್ತಿ ಮಾಯ. ಮನೆಯವರು ನಮ್ಮನ್ನು ನೋಡಿದ ನೋಟ ಮರೆಯೋಕಾಗಲ್ಲ. ತಾತ ಮಾತ್ರ ನಗ್ತಾ ಇದ್ದರು. “ಈಗ ನಿಮ್ಗೂ ಕೇಳಕಿಲ್ವಾ?” ಅಂದರು.

ಆ ಪ್ರಶ್ನೆಯಲ್ಲೇ ಉತ್ತರ ಇತ್ತು. ನಮಗೂ ಕೇಳ್ತಿಲ್ಲ ಅಂದರೆ ಕಿವಿ ಸಮಸ್ಯೆ ಅಲ್ಲ. ಮಾತು ಎಲ್ಲಿ ಇರುತ್ತೆ ಅಂತ ಯೋಚಿಸಿ. ಇಯರ್‌ಫೋನ್ ಜಾಕ್ ಅರ್ಧ ಮಾತ್ರ ಒಳಗೆ ಹೋದಾಗ ಹಾಡಿನಲ್ಲಿ ಗಾಯಕರ ದನಿ ಮಾಯವಾಗಿ, ವಾದ್ಯ ಮಾತ್ರ ಉಳಿಯೋದು ನೀವೆಲ್ಲ ಕೇಳಿದ್ದೀರ. ಗ್ರೌಂಡ್ ತಪ್ಪಿದಾಗ ಎಡದಿಂದ ಬಲವನ್ನು ಕಳೆದ ಭಾಗ ಮಾತ್ರ ಕೇಳುತ್ತೆ. ದನಿ ಎರಡರಲ್ಲೂ ಸಮ ಇರೋದರಿಂದ ಕಳೆದಾಗ ಸೊನ್ನೆ. ಸ್ಟೀರಿಯೋದಲ್ಲಿ ಮಾತು ಇರೋದು ಹಾಗೆ, ಎರಡೂ ಕಡೆ ಸಮಸಮ. ಆದರೆ 5.1ರಲ್ಲಿ ಮಾತಿಗೆ ಅದರದ್ದೇ ಮನೆ ಇದೆ, ನಡುವಿನ ಸೆಂಟರ್ ಸ್ಪೀಕರ್. ಸಂಭಾಷಣೆಯ ಬಹುಪಾಲು ಅಲ್ಲಿಂದಲೇ.

ಮೊದಲು ಸ್ಟೀರಿಯೋ ಬರ್ತಿದ್ದಾಗ ರಿಸೀವರ್ ತನ್ನ ಸರೌಂಡ್ ಮೋಡ್‌ನಲ್ಲಿ ಎರಡೂ ಕಡೆ ಸಮವಾಗಿರೋದನ್ನು ಹುಡುಕಿ ಸೆಂಟರ್‌ಗೆ ತಳ್ತಾ ಇತ್ತು. ಸ್ವಲ್ಪ ಎಡಬಲದಲ್ಲಿ ಉಳೀತಿತ್ತು, ಅದೇ ಆ ಸಣ್ಣ ದನಿ. ಈಗ ನಾವು ನಿಜವಾದ 5.1 ಕೊಟ್ಟೆವು. ಮಾತು ಪೂರ್ತಿ ಸೆಂಟರ್‌ಗೆ ಹೋಯ್ತು. ಸೆಂಟರ್‌ನಿಂದ ಹೊರಗೆ ಬರ್ತಿಲ್ಲ.

ಒಂದು ಪೆನ್ ಸೆಲ್ ತಗೊಂಡೆವು, 1.5 ವೋಲ್ಟ್. ರಿಸೀವರ್ ಆಫ್ ಮಾಡಿ, ಸ್ಪೀಕರ್ ವೈರುಗಳನ್ನು ಅದರ ಹಿಂಭಾಗದಿಂದ ಬಿಚ್ಚಿ, ಒಂದೊಂದು ಜೋಡಿಗೂ ಸೆಲ್ ತಾಗಿಸಿ ತೆಗೆದೆವು. ಎಡ, ‘ಟಕ್’. ಬಲ, ‘ಟಕ್’. ಪಕ್ಕದವೆರಡೂ ‘ಟಕ್’. ಸೆಂಟರ್, ಏನೂ ಇಲ್ಲ. ವೈರನ್ನು ಹಿಡಿದುಕೊಂಡು ಶೋಕೇಸ್ ಹಿಂದೆ ಹೋದರೆ ಅರ್ಧ ದಾರಿಯಲ್ಲಿ ತಾಮ್ರ ಹೊರಗೆ ಬಂದಿತ್ತು, ಸುತ್ತ ಪ್ಲಾಸ್ಟಿಕ್ ಪುಡಿ. ಇಲಿ!

ಈ ಸೆಲ್ ಪರೀಕ್ಷೆ ಇನ್ನೊಂದಕ್ಕೂ ಬರುತ್ತೆ. ಪ್ಲಸ್ಸನ್ನು ಕೆಂಪಿಗೆ ತಾಗಿಸಿದಾಗ ಸ್ಪೀಕರ್ ಕೋನ್ ಮುಂದೆ ಬರಬೇಕು. ಒಂದು ಸ್ಪೀಕರ್ ಮುಂದೆ, ಇನ್ನೊಂದು ಹಿಂದೆ ಹೋದರೆ ಕೆಂಪು ಕಪ್ಪು ಅದಲುಬದಲಾಗಿದೆ ಅಂತ. ಆಗ ಎರಡರ ಅಲೆ ಒಂದನ್ನೊಂದು ಹೊಡೆದುಹಾಕಿ ಬೇಸ್ ತೆಳುವಾಗುತ್ತೆ. ಒಂದು ಕ್ಷಣ ಮಾತ್ರ ತಾಗಿಸಿ, ಹಿಡಿದೇ ಇರಬೇಡಿ. ಮತ್ತೆ ಜೋಡಿಸುವಾಗ ಒಂದೇ ಒಂದು ತಾಮ್ರದ ಎಳೆಯೂ ಪಕ್ಕದ ಟರ್ಮಿನಲ್‌ಗೆ ತಾಗದ ಹಾಗೆ ತಿರುಚಿ ಹಾಕಿ. ತಾಗಿದರೆ ಶಾರ್ಟ್.

ರಾತ್ರಿ ಒಂಬತ್ತೂವರೆ, ಹೊಸ ವೈರ್ ಎಲ್ಲಿ ಸಿಗಬೇಕು? ಅದಕ್ಕೆ ಸ್ಪೀಕರ್ ಸೆಟಪ್ ಮೆನುಗೆ ಹೋಗಿ ಸೆಂಟರ್ ಎದುರು ‘ನನ್’ ಅಂತ ಕೊಟ್ಟೆವು, ಅಂದರೆ ಸೆಂಟರ್ ಇಲ್ಲ. ರಿಸೀವರ್‌ಗೆ ತನ್ನ ಎದುರು ಸ್ಪೀಕರ್ ಇದೆಯೋ ಇಲ್ಲವೋ ಅಂತ ತಾನಾಗಿ ಗೊತ್ತಿರಲ್ಲ, ನಾವು ಹೇಳಿದ್ದನ್ನು ನಂಬುತ್ತೆ. ಇಲ್ಲ ಅಂದ ತಕ್ಷಣ ಅದು ಮಾತನ್ನು ಎಡಕ್ಕೂ ಬಲಕ್ಕೂ ಸಮವಾಗಿ ಹಂಚಿಬಿಟ್ಟಿತು. ಒಂದು ಬಟನ್ ಅಷ್ಟೇ. ಹಾಲ್ ತುಂಬ ಮಾತು.

ತಾತ ಜಗಲಿಗೆ ಹೋಗಲಿಲ್ಲ. ಹನ್ನೊಂದು ಗಂಟೆವರೆಗೂ ಕೂತಿದ್ದರು. ಅವರಿಗೆ ಹಿಂದಿ ಅಷ್ಟಕ್ಕಷ್ಟೇ, ಆದರೆ ಎಲ್ಲಿ ಯಾರು ಏನು ಹೇಳ್ತಾರೆ ಅಂತ ಮುಂಚೆನೇ ಹೇಳಿಬಿಡ್ತಿದ್ದರು. ನಾವು ನಡುವೆ ಒಂದು ವಿಷಯ ಹೇಳಿದೆವು. 70 ಎಂಎಂನ ಆರು ಟ್ರ್ಯಾಕ್ ಪದ್ಧತಿಯಲ್ಲಿ ಸಾಮಾನ್ಯವಾಗಿ ಪರದೆ ಹಿಂದೆ ಐದು ಸ್ಪೀಕರ್ ಸಾಲು, ಪ್ರೇಕ್ಷಕರ ಸುತ್ತ ಒಂದು. ಇಂದಿನ 5.1ರಲ್ಲಿ ಮುಂದೆ ಮೂರೇ. ಆದರೆ ಆಗಲೂ ಈಗಲೂ ನಡುವಿನದ್ದು ಮಾತಿಗೇ ಮೀಸಲು. “ಮತ್ತೆ ನಡುಮನೆ ದೀಪ ಇಲಿ ತಿಂದ್ರೆ ಕತ್ತಲಾಗದೆ ಇರ್ತದಾ?” ಅಂದರು ತಾತ.

ಮಾಗಡಿಯ ಪೆಟ್ಟಿಗೆ

ಇಷ್ಟಾದ ಮೇಲೆ ನಮ್ಮ ಮೇಲೆ ನಮಗೇ ಸ್ವಲ್ಪ ಹೆಮ್ಮೆ ಬಂತು. ಮಾಗಡಿ ಅದನ್ನು ಇಳಿಸಿತು. ಅಲ್ಲಿ ನಮ್ಮವನ ಮಾವ ಅಮೆರಿಕದಿಂದ ಬರುವಾಗ ಒಂದು ಒಳ್ಳೆ ರಿಸೀವರ್ ತಂದಿದ್ದರು. ಅಡಾಪ್ಟರ್ ಪ್ಲಗ್ ಹಾಕಿ ಗೋಡೆಗೆ ಚುಚ್ಚಿದೆವು. ‘ಠಪ್’. ಅಡಾಪ್ಟರ್ ಪಿನ್ನಿನ ಆಕಾರ ಮಾತ್ರ ಬದಲಿಸುತ್ತೆ, ವೋಲ್ಟೇಜ್ ಅಲ್ಲ. ಪೆಟ್ಟಿಗೆ ಹಿಂದೆ 120 ವೋಲ್ಟ್ ಅಂತ ಸ್ಪಷ್ಟವಾಗಿ ಬರೆದಿತ್ತು, ಓದಿದ್ದು ಹೊಗೆ ಬಂದ ಮೇಲೆ. ಲ್ಯಾಪ್‌ಟಾಪ್ ಚಾರ್ಜರ್ ಮೇಲೆ 100–240 ಅಂತ ಇರುತ್ತಲ್ಲ, ಅದೇ ಧೈರ್ಯದಲ್ಲಿ ಚುಚ್ಚಿದ್ದೆವು. ರಿಸೀವರ್‌ನೊಳಗಿನ ದೊಡ್ಡ ಟ್ರಾನ್ಸ್‌ಫಾರ್ಮರ್‌ಗೆ ಆ ಔದಾರ್ಯ ಇಲ್ಲ. ಸುಮಾರು ಎರಡು ಪಟ್ಟು ವೋಲ್ಟೇಜ್ ಬಿದ್ದಾಗ ಕೋರ್ ಸ್ಯಾಚುರೇಟ್ ಆಗಿ ಕರೆಂಟ್ ನುಗ್ಗುತ್ತೆ. ಪುಣ್ಯಕ್ಕೆ ಫ್ಯೂಸ್ ಪ್ರಾಣ ಕೊಟ್ಟು ಮಿಕ್ಕಿದ್ದನ್ನು ಉಳಿಸಿತು. ಹೊಸ ಫ್ಯೂಸ್, ಜೊತೆಗೆ ಸಾಕಷ್ಟು ವ್ಯಾಟೇಜ್‌ನ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದ ಮೇಲೆ ಓಡ್ತಾ ಇದೆ.

ಅದೇ ಮನೆಯಲ್ಲಿ ಒಂದು ಹಳೇ ರೆಕಾರ್ಡ್ ಪ್ಲೇಯರ್ ಇದೆ. ಅದನ್ನು ಸುಮ್ಮನೆ ‘ಸಿಡಿ’ ಅಂತ ಬರೆದ ಆರ್‌ಸಿಎಗೆ ಕೊಟ್ಟರೆ ಸೊಳ್ಳೆ ದನಿ. ಮುಳ್ಳಿನಿಂದ ಬರೋದು ಕೆಲವೇ ಮಿಲಿವೋಲ್ಟ್, ಜೊತೆಗೆ ರೆಕಾರ್ಡ್ ಕೊರೆಯುವಾಗಲೇ ಬೇಸ್ ತಗ್ಗಿಸಿ ಟ್ರೆಬಲ್ ಏರಿಸಿರುತ್ತಾರೆ. ಅದನ್ನು ಉಲ್ಟಾ ಮಾಡೋ ಸರ್ಕಿಟ್ ಇರೋದು ‘ಫೋನೋ’ ಇನ್‌ಪುಟ್‌ನಲ್ಲಿ ಮಾತ್ರ. ಪಕ್ಕದ ಸಣ್ಣ ಸ್ಕ್ರೂಗೆ ಗ್ರೌಂಡ್ ತಂತಿ ಬಿಗಿಯೋದು ಮರೆತರೆ ಮತ್ತೆ ಚನ್ನಪಟ್ಟಣದ ಗುಂಯ್.

ಇನ್ನೊಂದು ತೊಂದರೆ ಅಲ್ಲೇ ಕಂಡದ್ದು: ತುಟಿ ಆಡಿದ್ದೊಂದು ಹೊತ್ತು, ಮಾತು ಬಂದದ್ದೊಂದು ಹೊತ್ತು. ಟಿವಿ ಚಿತ್ರವನ್ನು ಚಂದ ಮಾಡೋಕೆ ಸಮಯ ತಗೊಳ್ಳುತ್ತೆ, ಅಷ್ಟರಲ್ಲಿ ಸದ್ದು ಮುಂದೆ ಓಡಿರುತ್ತೆ. ರಿಸೀವರ್‌ನಲ್ಲಿ ‘ಆಡಿಯೋ ಡಿಲೇ’ ಮಿಲಿಸೆಕೆಂಡ್‌ನಲ್ಲಿ ಕೊಡಬಹುದು. ಸ್ಪೀಕರ್ ದೂರದ ಸೆಟಿಂಗ್ ಕೂಡ ಕಾಲದ ಲೆಕ್ಕವೇ, ಸದ್ದಿಗೆ ಒಂದು ಮೀಟರ್ ದಾಟೋಕೆ ಸುಮಾರು 3 ಮಿಲಿಸೆಕೆಂಡ್ ಬೇಕು. ಸಾವನದುರ್ಗದ ಬಂಡೆಯಿಂದ 170 ಮೀಟರ್ ದೂರ ನಿಂತು ಕೂಗಿ ನೋಡಿ, ಪ್ರತಿಧ್ವನಿ ಸರಿಯಾಗಿ ಒಂದು ಸೆಕೆಂಡಿಗೆ ಬರುತ್ತೆ. 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ ಸಿನಿಮಾದ ಗುಹೆ ದೃಶ್ಯಗಳಿಗೆ ಡೇವಿಡ್ ಲೀನ್ ಬಂದದ್ದು ಈ ಬೆಟ್ಟದ ಕಡೆಗೇ. ಆ ಕಥೆಯೇ ಒಂದು ಪ್ರತಿಧ್ವನಿಯ ಸುತ್ತ ತಿರುಗುತ್ತೆ.

ತಾತನ ಕಿವಿ ಪರೀಕ್ಷೆ ಸೋಮವಾರ ನಡೆಯಿತು. ಕೀರಲು ಸ್ವರಗಳು ಸ್ವಲ್ಪ ಕಡಿಮೆ ಕೇಳುತ್ತವೆ, ವಯಸ್ಸಿಗೆ ತಕ್ಕ ಹಾಗೆ, ಮೆಷಿನ್ ಸದ್ಯಕ್ಕೆ ಬೇಡ ಅಂದರಂತೆ. ಅಂದರೆ ತಪ್ಪು ಪೂರ್ತಿ ಇಲಿಯದ್ದೇ ಅಲ್ಲ. ಮುಂದಿನ ವಾರ ಹೋದಾಗ ಹೊಸ ವೈರ್ ಎಳೆದು, ಸೆಂಟರ್ ವಾಪಸ್ ‘ಇದೆ’ ಮಾಡಿ, ಅದರ ಲೆವೆಲ್ ಮಾತ್ರ 3 ಡೆಸಿಬಲ್ ಏರಿಸಿದೆವು, ಪವರ್ ಲೆಕ್ಕದಲ್ಲಿ ಎರಡು ಪಟ್ಟು. ಮಿಕ್ಕ ಸ್ಪೀಕರ್ ಮುಟ್ಟಲಿಲ್ಲ. ಎರಡು ನಿಮಿಷ ಕೇಳಿ ತಾತ, “ಒಸಿ ಸೌಂಡ್ ಕಮ್ಮಿ ಮಾಡ್ರಪ್ಪಾ, ಅಕ್ಕಪಕ್ಕದವ್ರು ಮಲ್ಕೋಬೇಕು” ಅಂದರು.

ವೈರನ್ನು ಈ ಸಲ ಪಿವಿಸಿ ಪೈಪಿನೊಳಗೆ ಹಾಕಿದ್ದೇವೆ. ಇಲಿ ಇನ್ನೂ ಸಿಕ್ಕಿಲ್ಲ.